ಹಳೆಯ ಕಾರು ಮಿಸ್ ಹೊಡೆಯುತ್ತಿದೆಯೇ? ಡಿಸ್ಟ್ರಿಬ್ಯೂಟರ್ ತಿರುಗಿಸುವ ಮೊದಲು ಇದನ್ನು ಓದಿ

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಪಾಯಿಂಟ್ ಕಾಲದ ಮಾರುತಿ 800 ಇಟ್ಟುಕೊಂಡಿರುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಗಾಡಿ ನಿಂತಲ್ಲೇ ನಡುಗುತ್ತದೆ, ಪಿಕಪ್ ಇಲ್ಲ, ನಡುನಡುವೆ ಮಿಸ್ ಹೊಡೆಯುತ್ತದೆ. ಕಿಡಿಯ ಟೈಮಿಂಗ್ ಎಷ್ಟಕ್ಕೆ ಇಡಬೇಕು? ಒಂದು ಸಂಖ್ಯೆ ಹೇಳಿ ಕಳುಹಿಸುವುದು ಸುಲಭ. ಆದರೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಒಳಗಿನ ಪಾಯಿಂಟ್ ಎಂಬ ಸ್ವಿಚ್ಚು ಸವೆದಿದ್ದು, ಅದರ ಮುಚ್ಚಳವಾದ ಕ್ಯಾಪ್ ಸೀಳಿದ್ದು, ಒಂದು ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಆ ಸಂಖ್ಯೆಯಿಂದ ಏನೂ ಆಗುವುದಿಲ್ಲ. ಟೈಮಿಂಗ್ ಕೂಡಿಸುವುದು ಈ ಕೆಲಸದ ಕೊನೆಗೆ ಬರಬೇಕಾದದ್ದು. ಬಹಳ ಜನ ಅದನ್ನೇ ಮೊದಲು ಮಾಡುತ್ತಾರೆ. ಆಮೇಲೆ ಎಲ್ಲಿಂದ ಹೊರಟೆವು ಎಂಬುದೂ ತಿಳಿಯದಂತಾಗುತ್ತದೆ.

ಇಲ್ಲಿ ಉದಾಹರಣೆಗೆ 1489 ಸಿಸಿ ಪೆಟ್ರೋಲ್ ಎಂಜಿನ್‌ನ ಅಂಬಾಸಿಡರನ್ನು ಇಟ್ಟುಕೊಂಡಿದ್ದೇನೆ. ವಿಧಾನ ಪಾಯಿಂಟ್ ಇರುವ ಎಲ್ಲ ಕಾರುಗಳಿಗೂ ಅದೇ. ಅಳತೆಗಳು ಮಾತ್ರ ಬೇರೆ. ನಿಮ್ಮ ಕಾರಿನ ಕೈಪಿಡಿ ಹೇಳುವುದೇ ಅಂತಿಮ.

ಟೈಮಿಂಗ್ ಎಂದರೆ ಏನು

ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕಿಡಿ ತಗುಲಿದ ಕ್ಷಣದಲ್ಲೇ ಪೂರ್ತಿ ಉರಿದುಹೋಗುವುದಿಲ್ಲ. ಉರಿ ಹರಡಲು ಒಂದೆರಡು ಮಿಲಿಸೆಕೆಂಡ್ ಬೇಕು. ಪಿಸ್ಟನ್ ತುದಿ ಮುಟ್ಟಿ ಕೆಳಗಿಳಿಯಲು ತೊಡಗಿದಾಗ ಒತ್ತಡ ಅತಿ ಹೆಚ್ಚಿರಬೇಕಾದರೆ, ಕಿಡಿ ಅದಕ್ಕಿಂತ ಮೊದಲೇ ಹಾರಬೇಕು. ಎಷ್ಟು ಮೊದಲು ಎಂಬುದನ್ನು ಕ್ರ್ಯಾಂಕ್‌ಶಾಫ್ಟ್ ತಿರುಗುವ ಡಿಗ್ರಿಗಳಲ್ಲಿ ಹೇಳುತ್ತಾರೆ. ಪಿಸ್ಟನ್ ತೀರಾ ಮೇಲಿರುವ ಬಿಂದುವಿಗೆ ಟಿಡಿಸಿ ಎಂದು ಹೆಸರು. ಟಿಡಿಸಿಗೆ ಬಹಳ ಮುಂಚೆ ಕಿಡಿ ಹಾರಿದರೆ ಅಡ್ವಾನ್ಸ್, ತಡವಾಗಿ ಹಾರಿದರೆ ರಿಟಾರ್ಡ್.

ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಸುಮಾರು 5 ಡಿಗ್ರಿ ಸರಿಯುತ್ತದೆ. 3000 ಸುತ್ತಿನಲ್ಲಿ ಅದು 18 ಡಿಗ್ರಿ. ಹಾಗಾಗಿ ವೇಗ ಏರಿದಂತೆ ಕಿಡಿ ಇನ್ನೂ ಮುಂಚೆ ಬರಬೇಕು. ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ಸಣ್ಣ ತೂಕಗಳು ಮತ್ತು ಸ್ಪ್ರಿಂಗ್‌ಗಳು ಈ ಕೆಲಸ ಮಾಡುತ್ತವೆ. ಪಕ್ಕಕ್ಕೆ ಅಂಟಿಕೊಂಡ ತಟ್ಟೆಯಾಕಾರದ ಡಬ್ಬಿ ವ್ಯಾಕ್ಯೂಮ್ ಅಡ್ವಾನ್ಸ್. ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಸಾಗುವಾಗ ಅದು ಕಿಡಿಯನ್ನು ಇನ್ನಷ್ಟು ಮುಂಚೆ ತರುತ್ತದೆ. ನೀವು ಕೈಯಿಂದ ಕೂಡಿಸುವುದು ಆರಂಭದ ಬಿಂದುವನ್ನು ಮಾತ್ರ ಎಂಬುದು ನೆನಪಿರಲಿ.

ಬೇಕಾಗುವ ಸಾಮಾನು

ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಪ್ಲಗ್ ಸ್ಪ್ಯಾನರ್, ಎರಡು ತುದಿಗೂ ವೈರ್ ಜೋಡಿಸಿದ 12 ವೋಲ್ಟಿನ ಸಣ್ಣ ಬಲ್ಬು, ಮಲ್ಟಿಮೀಟರ್, ಸೀಮೆಸುಣ್ಣ, ನುಣುಪಾದ ಉಪ್ಪುಕಾಗದ, ರಬ್ಬರ್ ಹಿಡಿಯ ಇಕ್ಕಳ. ಕಂಪ್ರೆಷನ್ ಗೇಜ್ ಮತ್ತು ಟೈಮಿಂಗ್ ಲೈಟ್ ಕೊಳ್ಳಲಾಗದಿದ್ದರೆ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ. ಒಂದು ನೋಟ್‌ಪುಸ್ತಕವೂ ಬೇಕು, ಇದನ್ನು ಬಿಡಬೇಡಿ.

ಕೈಕಾಲು ಜೋಪಾನ

ಟೈಮಿಂಗ್ ಲೈಟಿನ ಮಿಣುಕು ಬೆಳಕಿನಲ್ಲಿ ತಿರುಗುತ್ತಿರುವ ಫ್ಯಾನ್ ನಿಂತಂತೆ ಕಾಣುತ್ತದೆ. ಬೆರಳು ಕಳೆದುಕೊಳ್ಳುವುದು ಹೀಗೆಯೇ. ಸಡಿಲ ತೋಳು, ಸೆರಗು, ಕೊರಳಿನ ಸರ, ಕೈಗಡಿಯಾರ ಯಾವುದೂ ಬಾನೆಟ್ ಒಳಗೆ ಇಳಿಬೀಳಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಹ್ಯಾಂಡಲ್ ಹೊಡೆದು ಚಾಲೂ ಮಾಡುವವರು ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಮಡಚದೆ, ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಬೇಕು. ಟೈಮಿಂಗ್ ಅತಿ ಅಡ್ವಾನ್ಸ್ ಆಗಿದ್ದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ, ಮಣಿಕಟ್ಟು ಮುರಿಯುವಷ್ಟು ಬಲವಾಗಿ.

ಹಂತ 1: ಮೊದಲು ಕೇಳಿ, ಬರೆದಿಡಿ

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಸೈಲೆನ್ಸರ್ ಬಾಯಿಗೆ ಅಂಗೈಯಗಲದ ಕಾಗದವೊಂದನ್ನು ಹಿಡಿಯಿರಿ. ಒಂದೇ ಲಯದಲ್ಲಿ, ಎಂಜಿನ್ನಿನ ಪ್ರತಿ ಎರಡು ಸುತ್ತಿಗೂ ಒಂದು ಬಡಿತ ತಪ್ಪಿದಂತೆ ಕಾಗದ ಅದುರಿದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಲಯವೇ ಇಲ್ಲದೆ ಆಗೊಮ್ಮೆ ಈಗೊಮ್ಮೆ ತಪ್ಪಿದರೆ ಎಲ್ಲ ಸಿಲಿಂಡರ್‌ಗಳಿಗೂ ಸೇರಿದ ಭಾಗ ಕೆಟ್ಟಿದೆ: ಪಾಯಿಂಟ್, ಅದರ ಪಕ್ಕದ ಕಂಡೆನ್ಸರ್, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಅಥವಾ ಪೆಟ್ರೋಲ್ ಮಿಶ್ರಣ. ಕಾಗದ ಆಗಾಗ ಒಳಕ್ಕೆ ಸೆಳೆದುಕೊಂಡಂತೆ ಅನಿಸಿದರೆ ಎಗ್ಸಾಸ್ಟ್ ವಾಲ್ವ್ ಸುಟ್ಟಿರುವ ಅನುಮಾನ ಪಡಬೇಕು.

ತೊಂದರೆ ಯಾವಾಗ ಕಾಣುತ್ತದೆ ಎಂಬುದೇ ಅರ್ಧ ಉತ್ತರ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಅರ್ಧ ಗಂಟೆಯಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಚಾಲೂ ಆದರೆ ಕಾಯಿಲ್ ಅಥವಾ ಕಂಡೆನ್ಸರ್ ಕಡೆ ನೋಡಿ. ಮಳೆಗಾಲದ ಬೆಳಗ್ಗೆ ಮಾತ್ರ ಹಟ ಮಾಡಿದರೆ ಕ್ಯಾಪ್ ಮತ್ತು ವೈರ್‌ಗಳು. ಏರಿನಲ್ಲಿ, ಮೇಲಿನ ಗೇರಿನಲ್ಲಿ ಒತ್ತಿದಾಗ ತಗಡಿನ ಡಬ್ಬಿಯಲ್ಲಿ ಗೋಲಿ ಅಲುಗಿಸಿದಂಥ ಸದ್ದು ಬಂದರೆ ಅದು ನಾಕಿಂಗ್, ಟೈಮಿಂಗ್ ಅಡ್ವಾನ್ಸ್ ಹೆಚ್ಚಾದುದರ ಗುರುತು. ಎಳೆತವೇ ಇಲ್ಲದೆ, ನೀರು ಬೇಗ ಬಿಸಿಯಾಗಿ, ಪೆಟ್ರೋಲ್ ಹೆಚ್ಚು ಕುಡಿದು, ಸೈಲೆನ್ಸರಿನಲ್ಲಿ ಢಬ್ ಎಂದರೆ ರಿಟಾರ್ಡ್.

ಮಾರುತಿ 800ರವರಿಗೆ ಒಂದು ಮಾತು: ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲಿ ಸ್ವಲ್ಪ ನಡುಗಿಯೇ ನಡುಗುತ್ತದೆ. ಪಕ್ಕದ ಮನೆಯ ನಾಲ್ಕು ಸಿಲಿಂಡರ್ ಕಾರಿಗೆ ಅದನ್ನು ಹೋಲಿಸಬೇಡಿ.

ಹಂತ 2: ಯಾವ ಸಿಲಿಂಡರ್ ಎಂದು ಹುಡುಕಿ

ಎಂಜಿನ್ ಓಡುತ್ತಿರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರನ್ನು ತೆಗೆದು, ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ. ಗಾಳಿಯಲ್ಲಿ ಹಾಗೇ ಬಿಟ್ಟರೆ ಕಾಯಿಲ್ ಮೇಲೆ ಒತ್ತಡ ಬೀಳುತ್ತದೆ. ಯಾವ ವೈರ್ ತೆಗೆದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲಿನಿಂದಲೂ ಸುಮ್ಮನಿತ್ತು ಎಂದರ್ಥ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಕಾರಿನಲ್ಲಿ ಈ ಪರೀಕ್ಷೆ ಬೇಡ.

ಅಂಬಾಸಿಡರಿನಲ್ಲಿ ರೇಡಿಯೇಟರ್ ಕಡೆಯದು ಒಂದನೆಯ ಸಿಲಿಂಡರ್. ಕಿಡಿ ಹಾರುವ ಸರದಿ 1-3-4-2, ಮೇಲಿನಿಂದ ನೋಡಿದರೆ ರೋಟರ್ (ಕ್ಯಾಪಿನೊಳಗೆ ತಿರುಗುತ್ತಾ ಕಿಡಿ ಹಂಚುವ ತುಂಡು) ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಪದ್ಮಿನಿಯಲ್ಲೂ ಸರದಿ 1-3-4-2. ಮಾರುತಿ 800ರಲ್ಲಿ 1-3-2. ಎರಡು ವೈರ್ ಅದಲುಬದಲಾಗಿದ್ದರಿಂದಲೇ ಮಿಸ್ ಹೊಡೆಯುವ ಗಾಡಿಗಳನ್ನು ನಾನು ಹಲವು ಸಲ ನೋಡಿದ್ದೇನೆ. ತೆಗೆಯುವ ಮೊದಲು ಪ್ರತಿ ವೈರಿಗೂ ಟೇಪ್ ಸುತ್ತಿ ಸಂಖ್ಯೆ ಬರೆಯಿರಿ.

ಹಂತ 3: ಪ್ಲಗ್, ವೈರ್, ಕ್ಯಾಪ್

ಪ್ಲಗ್‌ಗಳನ್ನು ಬಿಚ್ಚಿ ಸರದಿಯಂತೆ ಸಾಲಾಗಿ ಇಡಿ. ತುದಿ ಕಂದು ಅಥವಾ ಬೂದು ಬಣ್ಣದ್ದಾಗಿದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ದುರ್ಬಲ. ಎಣ್ಣೆಯ ಜಿಡ್ಡು ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಸವೆದುದರ ಸೂಚನೆ. ಸುಣ್ಣದಂತೆ ಬಿಳುಚಿದ್ದರೆ ಪೆಟ್ರೋಲ್ ಕಡಿಮೆಯಾಗಿದೆ ಅಥವಾ ಟೈಮಿಂಗ್ ಅತಿ ಮುಂದಿದೆ. ಅಂಬಾಸಿಡರಿಗೆ ಪ್ಲಗ್ ಅಂತರ ಸುಮಾರು 0.6 ಮಿಲಿಮೀಟರ್. ನಮ್ಮ ಕಡೆಯ ಹಳೆಯ ಮೆಕ್ಯಾನಿಕ್‌ಗಳು ಯಾವ ಕಂಪನಿಯ ಪ್ಲಗ್ಗಿಗೂ ಮೈಕೋ ಪ್ಲಗ್ ಎಂದೇ ಹೇಳುವುದುಂಟು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಇಂದು ಬಾಷ್ ಎಂಬ ಹೆಸರಿನಲ್ಲಿದೆ. ಅಂಗಡಿಯಲ್ಲಿ ಕೇಳುವಾಗ ಕಂಪನಿಯ ಹೆಸರೊಂದೇ ಸಾಲದು, ಕೈಪಿಡಿಯಲ್ಲಿರುವ ಪ್ಲಗ್ ಸಂಖ್ಯೆಯನ್ನೂ ಹೇಳಿ.

ಡಿಸ್ಟ್ರಿಬ್ಯೂಟರ್ ಕ್ಯಾಪನ್ನು ತೆಗೆದು ಒಣಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡಿ. ಒಳಗೆ ಪೆನ್ಸಿಲ್ ಗೀಚಿದಂಥ ಕಪ್ಪು ಗೆರೆ ಇದ್ದರೆ ಕಿಡಿ ಅದೇ ದಾರಿಯಲ್ಲಿ ಸೋರಿಹೋಗುತ್ತಿದೆ. ಅದನ್ನು ಕೆರೆದರೆ ಪ್ರಯೋಜನವಿಲ್ಲ, ಕ್ಯಾಪ್ ಬದಲಿಸಿ. ನಡುವಿನ ಕಾರ್ಬನ್ ಗುಬುಟು ಸ್ಪ್ರಿಂಗ್ ಮೇಲೆ ಸಲೀಸಾಗಿ ಒಳಹೊರಗೆ ಆಡಬೇಕು. ಮಲೆನಾಡಿನ, ಕರಾವಳಿಯ ಓದುಗರು ಈ ಹಂತಕ್ಕೆ ಹೆಚ್ಚು ಗಮನ ಕೊಡಿ. ರಾತ್ರಿ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ ನೋಡಿ. ವೈರ್‌ಗಳ ಮೇಲೆ ನೀಲಿ ಮಿಂಚು ಹರಿದಾಡಿದರೆ ಅವನ್ನು ಬದಲಿಸುವ ಕಾಲ ಬಂದಿದೆ.

ಹಂತ 4: ಎಂಜಿನ್ನಿನ ಆರೋಗ್ಯ

ಕಿಡಿ ಸರಿಯಿದ್ದೂ ಒಂದು ಸಿಲಿಂಡರ್ ಸುಮ್ಮನಿದ್ದರೆ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರುವಾಗ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ, ಅಳೆಯಿರಿ. ಎಲ್ಲ ಪ್ಲಗ್ ತೆಗೆದು, ಕಾಯಿಲಿಗೆ ಹೋಗುವ ವೈರ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಓದುಗಳ ನಡುವೆ ನೂರಕ್ಕೆ 15ಕ್ಕಿಂತ ಹೆಚ್ಚು ಅಂತರವಿರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಓದು ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ.

ವಾಲ್ವ್ ಸೋರಿಕೆಗೆ ಹಳೆಯ ಕಾರುಗಳಲ್ಲಿ ಒಂದು ವಿಶೇಷ ಕಾರಣವಿದೆ. ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ 2000ದ ಫೆಬ್ರವರಿಯಲ್ಲಿ ನಿಂತಿತು. ಸೀಸ ಎಗ್ಸಾಸ್ಟ್ ವಾಲ್ವ್ ಕೂರುವ ಸೀಟನ್ನು ಕಾಪಾಡುತ್ತಿತ್ತು. ಗಟ್ಟಿ ಸೀಟ್ ಹಾಕಿಸದ ಹಳೆಯ ಎಂಜಿನ್‌ಗಳಲ್ಲಿ ಸೀಟು ಸವೆಯುತ್ತಾ ಹೋಗಿ, ವಾಲ್ವ್ ಮೇಲಕ್ಕೆ ಸರಿದು, ಟ್ಯಾಪೆಟ್ ಅಂತರ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಕಡಿಮೆಯಾಗುತ್ತದೆ. ಟ್ಯಾಪೆಟ್ ಸದ್ದು ಮಾಡುತ್ತಿಲ್ಲ ಎಂದು ಸಂತೋಷಪಡಬೇಡಿ. ಸದ್ದೇ ಇಲ್ಲದ ಟ್ಯಾಪೆಟ್ ವಾಲ್ವನ್ನು ಪೂರ್ತಿ ಮುಚ್ಚಗೊಡದೆ ಸುಡುತ್ತಿರಬಹುದು. ಅಂತರವನ್ನು ಫೀಲರ್ ಗೇಜಿನಿಂದ ಅಳೆದೇ ನಿರ್ಧರಿಸಿ. ಇಲ್ಲಿ ದೋಷ ಸಿಕ್ಕರೆ ಮುಂದಿನ ಹಂತಗಳಿಗೆ ಹೋಗುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಹಂತ 5: ಪಾಯಿಂಟ್ ಮತ್ತು ಕಂಡೆನ್ಸರ್

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಪಾಯಿಂಟ್ ಎಂದರೆ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚು. ಅದು ತೆರೆದ ಕ್ಷಣದಲ್ಲೇ ಕಾಯಿಲ್ ಕಿಡಿ ಕೊಡುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ 3000 ಸುತ್ತಿನಲ್ಲಿದ್ದಾಗ ಈ ಸ್ವಿಚ್ಚು ನಿಮಿಷಕ್ಕೆ 6000 ಸಲ ತೆರೆದುಕೊಳ್ಳುತ್ತದೆ. ಸವೆಯದೆ ಇನ್ನೇನು?

ಕ್ಯಾಮ್‌ನ ಉಬ್ಬು ಪಾಯಿಂಟಿನ ಹಿಮ್ಮಡಿಗೆ ಸರಿಯಾಗಿ ಒತ್ತುವವರೆಗೆ ಎಂಜಿನ್ ತಿರುಗಿಸಿ ಅಂತರ ಅಳೆಯಿರಿ. ಅಂಬಾಸಿಡರಿನ ಲ್ಯೂಕಾಸ್ ಕಂಪನಿಯ ಡಿಸ್ಟ್ರಿಬ್ಯೂಟರಿಗೆ 0.35ರಿಂದ 0.40 ಮಿಲಿಮೀಟರ್. ಪಾಯಿಂಟಿನ ಒಂದು ಮುಖದಲ್ಲಿ ಕುಳಿ, ಇನ್ನೊಂದರಲ್ಲಿ ಗುಬುಟು ಎದ್ದಿದ್ದರೆ ಫೀಲರ್ ಗೇಜ್ ಗುಬುಟಿಗೆ ತಗುಲಿ ತಪ್ಪು ಅಳತೆ ಕೊಡುತ್ತದೆ. ಅಂಥ ಪಾಯಿಂಟನ್ನು ಬದಲಿಸುವುದೇ ಮೇಲು. ಹೊಸ ಪಾಯಿಂಟಿನ ಮುಖಕ್ಕೆ ತುಕ್ಕು ಹಿಡಿಯದಂತೆ ಸವರಿರುವ ಎಣ್ಣೆಯನ್ನು ಒರೆಸದೆ ಹಾಕಿದರೆ ಅದು ಬೇಗ ಸುಡುತ್ತದೆ. ಕ್ಯಾಮ್ ಮೇಲೆ ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಸಾಕು.

ಡ್ವೆಲ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಡ್ವೆಲ್ ಎಂದರೆ ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಡಿಸ್ಟ್ರಿಬ್ಯೂಟರ್ ಎಷ್ಟು ಡಿಗ್ರಿ ತಿರುಗುತ್ತದೆ ಎಂಬ ಲೆಕ್ಕ. ನಾಲ್ಕು ಸಿಲಿಂಡರಿನ ಲ್ಯೂಕಾಸ್‌ಗೆ ಸುಮಾರು 60 ಡಿಗ್ರಿ. ವೇಗ ಏರಿಸಿದಾಗ ಈ ಸಂಖ್ಯೆ ಅತ್ತಿತ್ತ ಓಲಾಡಿದರೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದಿದೆ. ರೋಟರ್ ತೆಗೆದು ಶಾಫ್ಟನ್ನು ಅಡ್ಡಡ್ಡ ಅಲ್ಲಾಡಿಸಿದರೆ ಕೈಗೇ ತಿಳಿಯುತ್ತದೆ. ಅಂಥ ಡಿಸ್ಟ್ರಿಬ್ಯೂಟರಿನಲ್ಲಿ ಯಾವ ಟೈಮಿಂಗೂ ನಿಲ್ಲುವುದಿಲ್ಲ.

ಮುಖ್ಯ ಎಚ್ಚರಿಕೆ: ಪಾಯಿಂಟ್ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಅಂತರ ಹೆಚ್ಚಿಸಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದಾಗುತ್ತದೆ, ಕಡಿಮೆ ಮಾಡಿದರೆ ಹಿಂದಾಗುತ್ತದೆ. ಆದ್ದರಿಂದ ಮೊದಲು ಪಾಯಿಂಟ್, ಆಮೇಲೆ ಟೈಮಿಂಗ್. ಟೈಮಿಂಗ್ ಕೂಡಿಸಿದ ಮೇಲೆ ಪಾಯಿಂಟ್ ಮುಟ್ಟಿದರೆ ಆ ಕೆಲಸ ಮೊದಲಿನಿಂದ ಮಾಡಬೇಕು.

ಕಂಡೆನ್ಸರ್ ಪಾಯಿಂಟಿನ ಪಕ್ಕದ ಸಿಲಿಂಡರಿನಾಕಾರದ ಸಣ್ಣ ಡಬ್ಬಿ. ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರದಂತೆ ತಡೆಯುವುದು ಅದರ ಕೆಲಸ. ಪಾಯಿಂಟ್ ಮುಖ ನೀಲಿಗಟ್ಟಿ ಸುಟ್ಟಿದ್ದರೆ, ಓಡುವಾಗ ಪಾಯಿಂಟಿನಲ್ಲಿ ದೊಡ್ಡ ಕಿಡಿ ಕಂಡರೆ ಅದನ್ನು ಬದಲಿಸಿ. ಹೊಸದೆಂದು ಕಣ್ಣುಮುಚ್ಚಿ ನಂಬಬೇಡಿ. ನನ್ನ ಗಾಡಿಯಲ್ಲಿ ಅಂಗಡಿಯಿಂದ ಆಗಷ್ಟೇ ತಂದ ಕಂಡೆನ್ಸರ್ ಎರಡೇ ದಿನಕ್ಕೆ ಕೈಕೊಟ್ಟಿತು, ಕಾರ್ಬುರೇಟರನ್ನು ಎರಡು ಸಲ ಬಿಚ್ಚಿದ ಮೇಲೆ ಅದು ಗೊತ್ತಾಯಿತು. ಸರಿಯಾಗಿ ಕೆಲಸ ಮಾಡಿದ ಹಳೆಯದನ್ನು ಎಸೆಯದೆ ಡಿಕ್ಕಿಯಲ್ಲಿಡಿ.

ಇನ್ನೊಂದು ಕಳ್ಳ ದೋಷವಿದೆ. ಪಾಯಿಂಟ್ ಕೂತ ತಟ್ಟೆಯಿಂದ ಡಿಸ್ಟ್ರಿಬ್ಯೂಟರ್ ಮೈಗೆ ಹೆಣೆದ ಸಣ್ಣ ಅರ್ತ್ ವೈರ್ ಇರುತ್ತದೆ. ವ್ಯಾಕ್ಯೂಮ್ ಅಡ್ವಾನ್ಸ್ ತಟ್ಟೆಯನ್ನು ಎಳೆದಾಗಲೆಲ್ಲ ಅದು ಬಾಗುತ್ತದೆ, ವರ್ಷಗಳು ಕಳೆದಂತೆ ಒಳಗೇ ತುಂಡಾಗುತ್ತದೆ. ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ. ನಿಂತಲ್ಲಿ ಎಂಜಿನ್ ಚೆನ್ನಾಗಿದ್ದು, ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಗ್ಗರಿಸಿದರೆ ಮೊದಲು ಇದನ್ನು ನೋಡಿ. ಪಾಯಿಂಟ್ ಮುಚ್ಚಿರುವಾಗ, ಸ್ವಿಚ್ ಆನ್ ಮಾಡಿ, ಡಿಸ್ಟ್ರಿಬ್ಯೂಟರಿನ ವೈರ್ ತುದಿಗೂ ಎಂಜಿನ್ ಲೋಹಕ್ಕೂ ಮಲ್ಟಿಮೀಟರ್ ಹಿಡಿಯಿರಿ. ಓದು 0.2 ವೋಲ್ಟ್‌ಗಿಂತ ಕಡಿಮೆ ಇರಬೇಕು. ತಟ್ಟೆಯನ್ನು ಬೆರಳಿನಿಂದ ಸರಿಸಿದಾಗ ಓದು ಹಾರಿದರೆ ಆ ವೈರ್ ಬದಲಿಸಿ.

ಹಂತ 6: ನಿಂತ ಎಂಜಿನ್ನಿನಲ್ಲಿ ಟೈಮಿಂಗ್ ಕೂಡಿಸುವುದು

1. ಪ್ಲಗ್‌ಗಳನ್ನೆಲ್ಲ ತೆಗೆದಿದ್ದರೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಒಂದನೆಯ ಸಿಲಿಂಡರಿನ ತೂತಿಗೆ ಹೆಬ್ಬೆರಳು ಒತ್ತಿಹಿಡಿದು, ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ. ಗಾಳಿ ಬೆರಳನ್ನು ತಳ್ಳತೊಡಗಿದರೆ ಪಿಸ್ಟನ್ ಕಂಪ್ರೆಷನ್ನಿನಲ್ಲಿ ಮೇಲೇರುತ್ತಿದೆ.

2. ಕ್ರ್ಯಾಂಕ್ ಪುಲ್ಲಿಯಲ್ಲಿ ಒಂದು ಕಚ್ಚು, ಟೈಮಿಂಗ್ ಕವರಿನಲ್ಲಿ ಮುಳ್ಳುಗಳು ಇರುತ್ತವೆ. ಉದ್ದದ ಮುಳ್ಳು ಟಿಡಿಸಿ. ಉಳಿದವು ಅದಕ್ಕೆ 5 ಮತ್ತು 10 ಡಿಗ್ರಿ ಮುಂಚಿನವು. ಮೊದಲು ಕೊಳೆ ತೆಗೆದು ಸೀಮೆಸುಣ್ಣ ಹಚ್ಚಿ. ಕೈಪಿಡಿಯ ಡಿಗ್ರಿಗೆ ಕಚ್ಚನ್ನು ತನ್ನಿ; ಕೈಪಿಡಿ ಇಲ್ಲದಿದ್ದರೆ 5 ಡಿಗ್ರಿಯಿಂದ ಆರಂಭಿಸಿ. ಕಚ್ಚು ದಾಟಿಹೋದರೆ ಅಷ್ಟನ್ನೇ ಹಿಂದಕ್ಕೆ ತರಬೇಡಿ. ಚೈನಿನ ಸಡಿಲದಿಂದ ಅಳತೆ ತಪ್ಪುತ್ತದೆ. ಕಾಲು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ.

3. ಕ್ಯಾಪ್ ತೆಗೆದರೆ ರೋಟರ್ ಒಂದನೆಯ ವೈರಿನ ಕಡೆ ಮುಖ ಮಾಡಿರಬೇಕು. ನೇರ ಎದುರು ದಿಕ್ಕಿಗಿದ್ದರೆ ಪಿಸ್ಟನ್ ಎಗ್ಸಾಸ್ಟ್ ಸರದಿಯಲ್ಲಿದೆ. ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

4. ಬಲ್ಬಿನ ಒಂದು ವೈರನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ಸಣ್ಣ ವೈರಿನ ತುದಿಗೆ, ಇನ್ನೊಂದನ್ನು ಎಂಜಿನ್ ಲೋಹಕ್ಕೆ ಜೋಡಿಸಿ. ಸ್ವಿಚ್ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದರೆ ಬಲ್ಬು ಆರಿರುತ್ತದೆ, ತೆರೆದರೆ ಉರಿಯುತ್ತದೆ.

5. ಕ್ಲಾಂಪ್ ಬೋಲ್ಟ್ ಸಡಿಲಿಸಿ. ಡಿಸ್ಟ್ರಿಬ್ಯೂಟರಿನ ಮೈಯನ್ನು ರೋಟರ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ ಬಲ್ಬು ಆರಿಸಿ. ಆಮೇಲೆ ಅದಕ್ಕೆ ವಿರುದ್ಧವಾಗಿ, ಕೂದಲೆಳೆಯಷ್ಟೇ ಸರಿಸುತ್ತಾ ಬನ್ನಿ. ಬಲ್ಬು ಹತ್ತಿದ ಕ್ಷಣ ನಿಲ್ಲಿಸಿ, ಬೋಲ್ಟ್ ಬಿಗಿಮಾಡಿ.

6. ಬಿಗಿಮಾಡುವಾಗಲೇ ಅದು ಜರುಗಿರಬಹುದು. ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಕಚ್ಚು ಮುಳ್ಳಿಗೆ ಬಂದಾಗಲೇ ಬಲ್ಬು ಹತ್ತುತ್ತದೆಯೇ ನೋಡಿ. ಕೆಲಸ ಮುಗಿದ ಕೂಡಲೇ ಸ್ವಿಚ್ ಆಫ್ ಮಾಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಹಾಗೇ ಬಿಟ್ಟರೆ ಕಾಯಿಲ್ ಕಾದು ಹಾಳಾಗುತ್ತದೆ.

ರೋಟರ್ ದಿಕ್ಕಿಗೆ ವಿರುದ್ಧ ತಿರುಗಿಸಿದರೆ ಅಡ್ವಾನ್ಸ್, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅದನ್ನು 1 ಡಿಗ್ರಿ ಸರಿಸಿದರೆ ಟೈಮಿಂಗ್ 2 ಡಿಗ್ರಿ ಬದಲಾಗುತ್ತದೆ. ಕೈ ಹಗುರವಿರಲಿ.

ಹಂತ 7: ಟೈಮಿಂಗ್ ಲೈಟ್

ವ್ಯಾಕ್ಯೂಮ್ ಪೈಪನ್ನು ಕಳಚಿ ಕಾರ್ಬುರೇಟರ್ ಕಡೆಯ ತುದಿ ಮುಚ್ಚಿ. ಲೈಟಿನ ಕ್ಲಿಪ್ಪನ್ನು ಒಂದನೆಯ ಪ್ಲಗ್ ವೈರಿಗೆ ಹಾಕಿ, ಎಂಜಿನ್ ನಿಧಾನವಾಗಿ ಓಡುವಾಗ ಪುಲ್ಲಿಗೆ ಬೆಳಕು ಹಿಡಿಯಿರಿ. ಕಚ್ಚು ಒಂದೆಡೆ ನಿಂತಿರಬೇಕು. ಕುಣಿದರೆ ಬುಷ್ ಅಥವಾ ಟೈಮಿಂಗ್ ಚೈನ್ ಸವೆದಿದೆ. ಎಂಜಿನ್ ವೇಗ ಮೆಲ್ಲಗೆ ಏರಿಸಿದಾಗ ಕಚ್ಚು ಅಡ್ವಾನ್ಸ್ ಕಡೆಗೆ ಸಲೀಸಾಗಿ ಸರಿದು, ಬಿಟ್ಟಾಗ ಹಿಂದಿರುಗಬೇಕು. ಸರಿಯದಿದ್ದರೆ ಒಳಗಿನ ತೂಕಗಳು ತುಕ್ಕು ಹಿಡಿದು ಅಂಟಿಕೊಂಡಿವೆ. ಕಳಚಿದ ವ್ಯಾಕ್ಯೂಮ್ ಪೈಪನ್ನು ಬಾಯಿಯಿಂದ ಎಳೆದು ನಾಲಗೆಯಿಂದ ಮುಚ್ಚಿ. ಸೆಳೆತ ನಿಲ್ಲದೆ ಸಡಿಲವಾದರೆ ಡಬ್ಬಿಯೊಳಗಿನ ಪೊರೆ ಹರಿದಿದೆ.

ಹಂತ 8: ರಸ್ತೆಯ ಮೇಲೆ

ಎಂಜಿನ್ ಬಿಸಿಯಾದ ಮೇಲೆ ಸಣ್ಣ ಏರಿನಲ್ಲಿ, ಟಾಪ್ ಗೇರಿನಲ್ಲಿ, ಗಂಟೆಗೆ 40 ಕಿಲೋಮೀಟರಿನಿಂದ ಪೂರ್ತಿ ಆಕ್ಸಿಲರೇಟರ್ ಕೊಡಿ. ನಾಕಿಂಗ್ ತುಸು ಕೇಳಿ ಕೂಡಲೇ ಮಾಯವಾದರೆ ಸರಿಯಾದ ಜಾಗದ ಹತ್ತಿರವಿದ್ದೀರಿ. ಒಂದೆರಡು ಡಿಗ್ರಿ ಹಿಂದೆ ತನ್ನಿ. ಮುಂದುವರಿದರೆ ಇನ್ನೂ ಹಿಂದೆ. ನಾಕಿಂಗ್ ಜೊತೆಗೇ ಓಡಿಸಿದರೆ ಪಿಸ್ಟನ್ ತೂತಾಗಬಹುದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಸಿಲಿಂಡರಿನ ಒತ್ತಡ ಕಡಿಮೆ, ಹಾಗಾಗಿ ಎಂಜಿನ್ ಇಲ್ಲಿ ಹೆಚ್ಚು ಅಡ್ವಾನ್ಸ್ ಸಹಿಸುತ್ತದೆ. ಇಲ್ಲಿ ಅಂಚಿಗೆ ತಂದು ಕೂಡಿಸಿದ ಗಾಡಿ ಮಂಗಳೂರಿನ ಸೆಕೆಯಲ್ಲಿ, ಅಲ್ಲಿಂದ ಚಾರ್ಮಾಡಿ ಏರುವಾಗ ಕಟಕಟ ಎನ್ನುತ್ತದೆ. ಘಟ್ಟ ಇಳಿದು ಹತ್ತುವವರು ಒಂದೆರಡು ಡಿಗ್ರಿ ಕಡಿಮೆಯೇ ಇಟ್ಟುಕೊಳ್ಳಿ. ವ್ಯಾಕ್ಯೂಮ್ ಗೇಜ್ ಬಳಸುವವರೂ ಗಮನಿಸಿ: ಕರಾವಳಿಗಿಂತ ಬೆಂಗಳೂರಿನಲ್ಲಿ ಓದು ಸುಮಾರು 3 ಇಂಚು ಕಡಿಮೆ ಬರುವುದು ಸಹಜ, ದೋಷವಲ್ಲ.

ಹಂತ 9: ಈಗ ಕಾರ್ಬುರೇಟರ್

ಇಷ್ಟಾದರೂ ನಿಂತಲ್ಲಿ ನಡುಕ ಉಳಿದಿದ್ದರೆ ಕಾರ್ಬುರೇಟರ್ ಬುಡ, ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ರಬ್ಬರ್ ಪೈಪುಗಳಲ್ಲಿ ಹೊರಗಾಳಿ ನುಸುಳುತ್ತಿದೆಯೇ ನೋಡಿ. ಸೋಪಿನ ನೀರನ್ನು ಹನಿಹನಿಯಾಗಿ ಬಿಟ್ಟಾಗ ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಪೆಟ್ರೋಲ್ ಚಿಮುಕಿಸಿ ಪರೀಕ್ಷಿಸುವವರಿದ್ದಾರೆ, ನೀವು ಖಂಡಿತ ಮಾಡಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಸೋರಿಕೆ ಇಲ್ಲದಿದ್ದರೆ ಐಡಲ್ ಜೆಟ್ (ಎಂಜಿನ್ ನಿಂತಲ್ಲಿ ಓಡುವಾಗ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿಕೊಂಡಿರಬಹುದು. ಈಗ ಪಂಪುಗಳಲ್ಲಿ ಸಿಗುವ, ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪ್ ಮತ್ತು ಪಂಪಿನ ಪೊರೆ ಮೆತ್ತಗಾಗಿ ಬಿರುಕು ಬಿಡುತ್ತವೆ. ಅದೇ ಜೆಟ್ಟಿನಲ್ಲಿ ಮಿಶ್ರಣವೂ ತುಸು ತೆಳುವಾಗುತ್ತದೆ. ಪೈಪುಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಿಸಿ, ಮಿಕ್ಸ್ಚರ್ ಸ್ಕ್ರೂವನ್ನು ಆಮೇಲೆ ಕಾಲು ಸುತ್ತಿನಂತೆ ಸರಿಪಡಿಸಿ.

ಕೊನೆಗೆ ನೋಟ್‌ಪುಸ್ತಕದಲ್ಲಿ ಪಾಯಿಂಟ್ ಅಂತರ, ಡ್ವೆಲ್, ಟೈಮಿಂಗ್, ಪ್ರತಿ ಸಿಲಿಂಡರಿನ ಕಂಪ್ರೆಷನ್, ಕಿಲೋಮೀಟರ್ ಓದು ಬರೆಯಿರಿ. ಡಿಸ್ಟ್ರಿಬ್ಯೂಟರ್ ಮೈ ಮತ್ತು ಎಂಜಿನ್ ಎರಡಕ್ಕೂ ಸೇರುವಂತೆ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಮುಂದೆ ಯಾರು ತಿರುಗಿಸಿದರೂ ತಿಳಿಯುತ್ತದೆ. ಹೊಸ ಪಾಯಿಂಟ್ ಹಾಕಿದ್ದರೆ 500 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಅಂತರ ಅಳೆಯಿರಿ. ಅಷ್ಟರಲ್ಲಿ ಹಿಮ್ಮಡಿ ಸ್ವಲ್ಪ ಸವೆದು ಕೂತಿರುತ್ತದೆ, ಟೈಮಿಂಗ್ ಅಷ್ಟು ಹಿಂದೆ ಸರಿದಿರುತ್ತದೆ.